ಇಪ್ಪತ್ತೇಳು ಗೂಡು, ಒಂದು ತಿಪ್ಪೆ

ಸೆಪ್ಟೆಂಬರ್ 2, ಮಂಗಳವಾರ, ಬೆಳಿಗ್ಗೆ 6.50. ಮೊದಲ ಗೂಡಿಗೆ ಮೊದಲ ಬಕೆಟ್ ಸುರಿದದ್ದು ಆಗ. ಹಿಂದಿನ ದಿನ ಉಳಿದ ಚಿತ್ರಾನ್ನ, ಸೋರೆಕಾಯಿ ಸಿಪ್ಪೆ, ಸೋಸಿದ ಟೀ ಪುಡಿ, ಜೊತೆಗೆ ಯಾರೋ ತಟ್ಟೆಯಿಂದ ಹಾಗೇ ಜಾರಿಸಿದ್ದ ಒಂದು ಸ್ಟೀಲ್ ಚಮಚ. ಚಮಚ ತೊಳೆದು ಮೆಸ್ಸಿಗೆ ವಾಪಸ್ ಕೊಟ್ಟೆ. ಡೈರಿಯಲ್ಲಿ ಅದೂ ಇದೆ.

ಜೆ.ಪಿ. ನಗರ ಮುಗಿದು ಬನ್ನೇರುಘಟ್ಟ ರಸ್ತೆಯ ಕಡೆ ಹೊರಳುವಲ್ಲಿ ಇರುವ ಒಂದು ವಿಶ್ವವಿದ್ಯಾಲಯ ಅದು. ಹಾಸ್ಟೆಲ್ ಮೆಸ್ಸಿನ ಹಿಂದೆ, ಮೇಲೆ ತಗಡು ಹೊದಿಸಿದ, ಮೂರು ಕಡೆ ತೆರೆದ ಒಂದು ಅಂಗಳ ನನ್ನ ಕೆಲಸದ ಜಾಗ. ಅದಕ್ಕೂ ಮುಂಚೆ ಮೆಸ್ಸಿನ ಹಸಿ ಕಸವನ್ನು ಒಂದು ಟೆಂಪೊ ಬಂದು ಒಯ್ಯುತ್ತಿತ್ತು. ಬಾರದ ದಿನ ಡ್ರಮ್ಮುಗಳು ಉಕ್ಕಿ ಹರಿಯುತ್ತಿದ್ದವು. ಒಂದು ಹಾಸ್ಟೆಲಿನ ಕಸವನ್ನಾದರೂ ಕ್ಯಾಂಪಸ್ಸಿನ ಒಳಗೇ ಗೊಬ್ಬರ ಮಾಡಿ ನೋಡೋಣವೆಂದು ತೀರ್ಮಾನವಾಯಿತು. ಪ್ರಾಜೆಕ್ಟ್ ಅಸಿಸ್ಟೆಂಟಾಗಿ ಸೇರಿದ್ದ ನನಗೆ ಅದು ಬಂತು. ಒಣ ಕಸದಲ್ಲಿ ತೊಂದರೆ ಇರಲಿಲ್ಲ. ರಟ್ಟು, ಕಾಗದ, ಬಾಟಲಿ ಬೇರೆ ಮಾಡಿಟ್ಟರೆ ವಾರಕ್ಕೊಮ್ಮೆ ಗಾಡಿ ಬಂದು ಒಯ್ಯುತ್ತಿತ್ತು. ನನ್ನನ್ನು ಸೋಲಿಸಿದ್ದು ಹಸಿಯದು.

ಯೋಜನೆ ನನ್ನ ಗೈಡ್ ಹಾಕಿಕೊಟ್ಟದ್ದು. ನನಗೂ ತುಂಬ ಹಿಡಿಸಿತ್ತು. ಒಂದು ದಿನದ ಕಸಕ್ಕೆ ಒಂದು ಗೂಡು; ಭಾನುವಾರ, ರಜಾ ದಿನಗಳದು ಮಾತ್ರ ಮೊದಲಿನಂತೆ ಟೆಂಪೊಗೆ. ಕಬ್ಬಿಣದ ಜಾಲರಿಯಲ್ಲಿ ಮಾಡಿದ, ಎರಡಡಿ ಅಗಲ ಎರಡಡಿ ಎತ್ತರದ ಗೂಡು. ಒಳಗೆ ಮೂವತ್ತು ಕಿಲೊ ಹಸಿ ಕಸ, ಹತ್ತು ಕಿಲೊ ಒಣ ಎಲೆ. ಮುಂದೆ ತಾರೀಕು ಬರೆದ ಚೀಟಿ. ಒಂದರ ಕಸ ಇನ್ನೊಂದಕ್ಕೆ ಸೇರುವಂತಿಲ್ಲ. ಯಾವ ದಿನದ ಊಟ ಎಷ್ಟು ದಿನಕ್ಕೆ ಗೊಬ್ಬರವಾಯಿತು ಎಂದು ಹೀಗೆ ಮಾಡಿದರೆ ಮಾತ್ರ ನಿಖರವಾಗಿ ಹೇಳಬಹುದಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಉದ್ದ ಕಡ್ಡಿಯ ಥರ್ಮಾಮೀಟರನ್ನು ಪ್ರತಿ ಗೂಡಿನ ಐದು ಕಡೆ ಚುಚ್ಚಿ ನೋಡುತ್ತಿದ್ದೆ. ಒಂದು ಹಿಡಿ ತೆಗೆದು ಹಿಂಡಿ, ಎಷ್ಟು ಹನಿ ಬಿತ್ತು ಎಂದು ಎಣಿಸುತ್ತಿದ್ದೆ. ವಾಸನೆಗೆ ಸೊನ್ನೆಯಿಂದ ಐದರವರೆಗೆ ಅಂಕ. ಕೊನೆಯ ಕಾಲಂ ಯೋಜನೆಯಲ್ಲಿ ಇಲ್ಲದ್ದು, ನಾನೇ ಎಳೆದುಕೊಂಡದ್ದು: ಇವತ್ತು ಮಾತಾಡಿದವರು. ಊರಿಗೆ ಹೊಸಬಳಾದ ಮೇಲೆ ಇದನ್ನೂ ಎಣಿಸುವ ಅಭ್ಯಾಸವಾಗಿತ್ತು. ಸಾಮಾನ್ಯವಾಗಿ ಅಲ್ಲಿ ಎರಡು ಅಂತ ಇರುತ್ತಿತ್ತು.

ಇಬ್ಬರಲ್ಲಿ ಒಬ್ಬರು ಮೆಸ್ಸಿನಲ್ಲಿ ಬಡಿಸುವವರು, ಇನ್ನೊಬ್ಬರು ಹೌಸ್‌ಕೀಪಿಂಗಿನ ಅಕ್ಕ. ಬೆಳಿಗ್ಗೆ ಡ್ರಮ್ ತಳ್ಳಿಕೊಂಡು ಬಂದು, ಕಸದಿಂದ ಪ್ಲಾಸ್ಟಿಕ್ ಆರಿಸಿ ಕೊಡುತ್ತಿದ್ದರು. ಸಾಲಾಗಿ ನಿಂತ ಗೂಡುಗಳು, ಅವುಗಳ ಮುಂದಿನ ಚೀಟಿಗಳು, ಕೈಯಲ್ಲಿ ಪುಸ್ತಕ ಹಿಡಿದ ನಾನು, ಇಷ್ಟು ನೋಡಿ ಅಕ್ಕ ಅಂಗಳಕ್ಕೆ ಕ್ಲಾಸ್‌ರೂಮ್ ಎಂದು ಹೆಸರಿಟ್ಟಿದ್ದರು. "ಹಾಜರಿ ಆಯ್ತಾ ಮೇಡಂ? ಯಾರಾದ್ರೂ ಚಕ್ಕರ್ ಹೊಡೆದ್ರಾ?" ಎಂದು ದಿನಾ ಕೇಳುವರು. ಒಂಬತ್ತಕ್ಕೆ ಹೊರಟುಹೋದರೆ ಮತ್ತೆ ಮರುದಿನವೇ.

ಮೊದಲ ಏಳು ಗೂಡುಗಳ ತನಕ ತಾಳ್ಮೆಯಿಂದ ಕಾದೆ. ಗೊಬ್ಬರದ ಪುಸ್ತಕದ ಪ್ರಕಾರ ಮೂರನೇ ದಿನಕ್ಕೆ ಒಳಗಿನ ಕಾವು ಐವತ್ತೈದು ಡಿಗ್ರಿ ದಾಟಬೇಕು. ಆ ಕಾವಿನಲ್ಲೇ ನೊಣದ ಮೊಟ್ಟೆ ಸಾಯುವುದು, ಅನ್ನ ಕೊಳೆಯದೆ ಮಾಗುವುದು. ನನ್ನ ಗೂಡುಗಳು ಮೂರನೇ ದಿನ ಮೂವತ್ತೆಂಟಕ್ಕೆ ಏರಿ, ಐದನೇ ದಿನ ಇಪ್ಪತ್ತೊಂಬತ್ತಕ್ಕೆ ಇಳಿಯುತ್ತಿದ್ದವು. ಅತಿ ಹೆಚ್ಚು ಎಂದರೆ ಏಳನೇ ಗೂಡು, ನಲವತ್ತೊಂದು. ಎಲ್ಲವೂ ಹೀಗೇ.

ಒಂದೊಂದೇ ಬದಲಿಸಿದೆ, ಒಂದು ಸಲಕ್ಕೆ ಒಂದು. ಎಂಟನೇ ಗೂಡಿಗೆ ಎಲೆ ಜಾಸ್ತಿ. ಹತ್ತನೆಯದಕ್ಕೆ ಹುಳಿ ಮಜ್ಜಿಗೆ. ಹನ್ನೊಂದಕ್ಕೆ ಬೆಲ್ಲದ ನೀರು. ಹದಿಮೂರನೆಯದಕ್ಕೆ ಅಂಗಡಿಯಿಂದ ತಂದ ಸೂಕ್ಷ್ಮಜೀವಿಗಳ ಪುಡಿ. ಹದಿನಾಲ್ಕರ ಸಿಪ್ಪೆಯನ್ನೆಲ್ಲ ಮಚ್ಚಿನಲ್ಲಿ ಕೊಚ್ಚಿ ಸಣ್ಣದು ಮಾಡಿದೆ, ಅದಕ್ಕೇ ಎರಡು ಗಂಟೆ ಹಿಡಿಯಿತು. ನಲವತ್ತೊಂದರ ಗಡಿ ಯಾವುದೂ ದಾಟಲಿಲ್ಲ. ಕಾವು ಬೀಳುತ್ತಿದ್ದ ಹಾಗೆ ಮಗುಚಿ ಹಾಕಬೇಕೆಂದು ಪುಸ್ತಕದಲ್ಲಿತ್ತು. ಮಗುಚಿದೆ. ಇನ್ನೂ ಬೇಗ ಆರಿತು.

ಮೂರನೇ ವಾರ ಮಳೆ ಹಿಡಿಯಿತು. ಎರಚಲು ಬಡಿದು ಗೂಡುಗಳ ಬುಡದಿಂದ ಕಪ್ಪು ನೀರು ಸೋರತೊಡಗಿತು. ಅನ್ನ ಉಂಡೆಗಟ್ಟಿ ಹುಳಿಯಾಯಿತು, ಬಿಳಿ ಹುಳು ಬಂದವು. ವಾಸನೆಯ ಕಾಲಮಿನಲ್ಲಿ ನಾಲ್ಕು, ನಾಲ್ಕು, ಐದು. ಮೆಸ್ಸಿನಲ್ಲಿ ನಾನು ಕೂತ ಬೆಂಚಿನಲ್ಲಿ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ತಟ್ಟೆ ಹಿಡಿದು ಬಂದವರು ಒಂದು ಕ್ಷಣ ನಿಂತು, ಮುಂದಿನ ಬೆಂಚಿಗೆ ಹೋಗುತ್ತಿದ್ದರು, ಅಷ್ಟೆ. ಸೆಪ್ಟೆಂಬರ್ 19ರಿಂದ ತಟ್ಟೆ ತೆಗೆದುಕೊಂಡು ಹೋಗಿ ಅಂಗಳದ ಕಲ್ಲಿನ ಮೇಲೆ ಕೂತು ಉಣ್ಣತೊಡಗಿದೆ.

ಸೆಪ್ಟೆಂಬರ್ 24, ಬುಧವಾರ, ಬೆಳಿಗ್ಗೆ 11.15. ಎಸ್ಟೇಟ್ ಆಫೀಸರ್ ಕರೆಸಿದರು. ಕ್ಯಾಂಪಸ್ಸಿನ ಕಟ್ಟಡ, ಜಾಗ, ನೀರು, ಕಸ ಎಲ್ಲ ಅವರ ಕೈಲಿ. ಮೇಜಿನ ಮೇಲೆ ಹುಡುಗಿಯರ ಹಾಸ್ಟೆಲಿನಿಂದ ಬಂದ ದೂರು, ಕೆಳಗೆ ಎರಡು ಪುಟ ಸಹಿ. ಅವರು ಗದರಲಿಲ್ಲ. ಕುರ್ಚಿ ತೋರಿಸಿದರು, ನಾನು ಕೂರಲಿಲ್ಲ.

"ನೋಡಮ್ಮ, ಇದು ಆಗ್ಲಿ ಅಂತ ನನಗೂ ಆಸೆ ಇದೆ. ಆದ್ರೆ ಆ ಜಾಗ ಟೂ ವೀಲರ್ ಪಾರ್ಕಿಂಗಿಗೆ ಕೊಡಿ ಅಂತ ವರ್ಷದಿಂದ ಕೇಳ್ತಿದ್ದಾರೆ. ಅಕ್ಟೋಬರ್ ಇಪ್ಪತ್ನಾಲ್ಕಕ್ಕೆ ನಾನೇ ಬಂದು ನೋಡ್ತೀನಿ. ವಾಸನೆ ಇದ್ರೆ ಕಲ್ಲು ಹಾಸಿಸ್ತೀನಿ, ಕಸ ಮತ್ತೆ ಟೆಂಪೊಗೆ. ಇಲ್ಲದಿದ್ರೆ ಮುಂದುವರಿಸೋಣ."

ಒಂದು ತಿಂಗಳು. ಅಷ್ಟು ಹೊತ್ತಿಗೆ ಇಪ್ಪತ್ತು ಗೂಡುಗಳಿದ್ದವು. ನಾನು ಇಪ್ಪತ್ತೊಂದನೆಯದನ್ನು ತುಂಬಿಸಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ನನ್ನ ಬಾಡಿಗೆ ರೂಮು ಹುಳಿಮಾವಿನ ಹಳೇ ಊರಿನ ಕಡೆ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ತುದಿಯಲ್ಲಿ ನಾನು. ಮೊದಲನೇ ಮಹಡಿಯಲ್ಲಿ ಓನರ್ ಆಂಟಿ. ಅವರದು ಅಲ್ಲಿಯದೇ ಮನೆತನ, ಮುಂಚೆ ರಾಗಿ ಬೆಳೆಯುತ್ತಿದ್ದವರು. ನಾನು ಗೂಡು ತುಂಬಲು ಶುರು ಮಾಡಿದ ಎರಡನೇ ವಾರ ಅವರು ಗೇಟಿನ ಹತ್ತಿರದ ನಲ್ಲಿಯ ಕೆಳಗೆ ಒಂದು ನೀಲಿ ಬಕೆಟ್ ಇಟ್ಟು, ಚಪ್ಪಲಿ ಅಲ್ಲೇ ಬಿಟ್ಟು ಕಾಲು ತೊಳೆದು ಹತ್ತಮ್ಮ ಅಂದಿದ್ದರು. ಅದನ್ನು ನಾನು ರೂಮು ಖಾಲಿ ಮಾಡಿಸುವ ಮುಂಚಿನ ನೋಟಿಸ್ ಎಂದೇ ತಿಳಿದುಕೊಂಡಿದ್ದೆ. ಆಮೇಲೆ ಅವರ ಬಾಗಿಲ ಮುಂದೆ ಸದ್ದಿಲ್ಲದೆ ಹತ್ತಿ ಹೋಗುತ್ತಿದ್ದೆ.

ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ 9.30. ಟೆರೇಸಿನ ಒಗೆಯುವ ಕಲ್ಲಿನ ಮೇಲೆ ನನ್ನ ಕೆಲಸದ ಬಟ್ಟೆ ರಾಶಿ ಹಾಕಿದ್ದೆ. ಆಂಟಿ ಹಪ್ಪಳ ಒಣಗಿಸಲು ಬಂದವರು ನಿಂತರು. ಬಯ್ಯುತ್ತಾರೆಂದು ನಾನು ಬಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವರು ಬಗ್ಗಿ ಮೇಲಿದ್ದ ಕುರ್ತಾ ಎತ್ತಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ಏನಮ್ಮ, ದಿನಾ ಯಾರ ತಿಪ್ಪೆಗೆ ಹೋಗಿ ಬರ್ತೀಯ ನೀನು?"

ಹೇಳಿದೆ. ಗೂಡುಗಳು, ಮೂವತ್ತು ಕಿಲೊ, ಹತ್ತು ಕಿಲೊ, ಥರ್ಮಾಮೀಟರು. ಅವರು ಹಪ್ಪಳದ ತಟ್ಟೆ ಗೋಡೆಯ ಮೇಲಿಟ್ಟು ಪೂರ್ತಿ ಕೇಳಿದರು. ಆ ತಿಂಗಳು ಯಾರೂ ಅಷ್ಟು ಹೊತ್ತು ನಿಂತು ಕೇಳಿರಲಿಲ್ಲ.

"ಕಾದಿಲ್ಲ ಕಣಮ್ಮ ಇದು," ಅಂದರು ಕುರ್ತಾ ವಾಪಸ್ ಹಾಕುತ್ತ. "ಕಾದ ತಿಪ್ಪೆ ಹಿಂಗೆ ನಾರಲ್ಲ. ಮದುವೆಯಾಗಿ ಬಂದಾಗ್ಲಿಂದ ಹನ್ನೆರಡು ವರ್ಷ ದಿನಾ ಬೆಳಿಗ್ಗೆ ತಿಪ್ಪೆಗೆ ಸಗಣಿ ಹೊತ್ತಿದೀನಿ. ನಂಗೆ ಗೊತ್ತಾಗ್ತದೆ."

ಒಂದು ತಿಂಗಳು ನನ್ನ ಥರ್ಮಾಮೀಟರ್ ಹೇಳಿದ್ದೂ ಅದನ್ನೇ. ಆದರೆ ಯಾಕೆ ಎಂದು ಅದು ಹೇಳಿರಲಿಲ್ಲ.

ಮರುದಿನ ಆಂಟಿ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಬಳೆ ಮೊಣಕೈವರೆಗೆ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಕಾಲಿಟ್ಟವರು ಸಾಲು ನೋಡಿ ನಕ್ಕೇಬಿಟ್ಟರು. "ಇದೇನಮ್ಮ, ಹಿರೀಕರಿಗೆ ಎಡೆ ಇಟ್ಟಂಗೆ ಸಾಲಾಗಿ ಬಡಿಸಿದ್ದೀಯ?" ಅಕ್ಕನೂ ಡ್ರಮ್ಮಿಗೆ ಒರಗಿ ನಕ್ಕರು. ನಾನು ತಾರೀಕಿನ ಚೀಟಿಗಳನ್ನು ತೋರಿಸಿ, ಬೆರೆಸಬಾರದೆಂದು ವಿವರಿಸಿದೆ.

"ತಾರೀಕು ನೀನಿಟ್ಕೊ. ಇಷ್ಟಿಷ್ಟೇ ಇಟ್ರೆ ಕಾವು ಎಲ್ಲಿ ನಿಲ್ತದೆ? ನಾಕೂ ಕಡೆ ಗಾಳಿ ಹೊಡೀತದೆ. ಮೇಲೆ ನೀನು ಹೊತ್ತೊತ್ತಿಗೂ ಚುಚ್ತೀಯ. ಎಲ್ಲಾ ಒಂದ್ ಕಡೆ ಸುರಿ. ತಿಪ್ಪೆ ಅಂದ್ರೆ ಒಂದು."

ಆ ಸಂಜೆ ಗೊಬ್ಬರದ ಪುಸ್ತಕ ತೆಗೆದೆ. ರಾಶಿ ಎಲ್ಲ ಕಡೆಯಿಂದ ಕನಿಷ್ಠ ಮೂರಡಿ ಇರಬೇಕು, ಇಲ್ಲವಾದರೆ ಒಳಗೆ ಹುಟ್ಟಿದ ಕಾವು ಹೊರಗೆ ಹೋಗಿಬಿಡುತ್ತದೆ ಎಂಬ ಸಾಲು ಅಲ್ಲೇ ಇತ್ತು. ಅದರ ಕೆಳಗೆ ಪೆನ್ಸಿಲಿನ ಗೆರೆ. ಜುಲೈನಲ್ಲಿ ನಾನೇ ಎಳೆದದ್ದು. ಅದು ರಾಶಿ ಹಾಕುವವರಿಗೆ ಹೇಳಿದ್ದು, ಗೂಡಿನವರಿಗಲ್ಲ ಎಂದುಕೊಂಡು ಮುಂದೆ ಹೋಗಿದ್ದೆ. ಲೆಕ್ಕ ಚೊಕ್ಕಟವಾಗಿರಲಿ ಎಂದು ಮಾಡಿದ ಗೂಡೇ ಲೆಕ್ಕಕ್ಕೆ ಏನೂ ಉಳಿಯದ ಹಾಗೆ ಮಾಡಿತ್ತು.

ಹಾಗಂತ ತಕ್ಷಣ ಒಪ್ಪಲಾಗಲಿಲ್ಲ. ಅರ್ಧ ಗೂಡುಗಳನ್ನು ಮಾತ್ರ ಬೆರೆಸಿ ಉಳಿದರ್ಧವನ್ನು ಹಾಗೇ ಇಟ್ಟರೆ ಹೇಗೆ ಎಂದು ಕೂಡಿ ಕಳೆದು ನೋಡಿದೆ. ಕಸ ಆಗಲೇ ಕುಗ್ಗಿತ್ತು. ಅರ್ಧದಿಂದ ಎರಡೂವರೆ ಅಡಿಯ ರಾಶಿ ಆಗುತ್ತಿತ್ತು, ಅಷ್ಟೆ. ಎಲ್ಲ ಇಪ್ಪತ್ತೇಳೂ ಸೇರಿದರೆ ಮೂರಡಿ ದಾಟುತ್ತಿತ್ತು. ಎರಡನೇ ಸಲ ಪ್ರಯತ್ನಿಸಲು ದಿನಗಳಿರಲಿಲ್ಲ. ಬೆರೆಸಿದರೆ ಎರಡು ನೋಟ್‌ಬುಕ್ಕಿನ ಅಂಕಿಗಳು ಅಲ್ಲಿಗೇ ತುಂಡಾಗುತ್ತವೆ, ನನ್ನ ರಿಪೋರ್ಟ್ ಅರ್ಧಕ್ಕೆ ನಿಲ್ಲುತ್ತದೆ. ಬೆರೆಸದಿದ್ದರೆ ಅಂಗಳ ಹೋಗುತ್ತದೆ. ರಜೆಯಲ್ಲಿದ್ದ ಗೈಡಿಗೆ ಮೇಲ್ ಬರೆದೆ. ಬುಧವಾರ ಮಧ್ಯಾಹ್ನ ಎರಡು ಸಾಲಿನ ಉತ್ತರ ಬಂತು: ವಿನ್ಯಾಸ ಕೆಡಿಸಬೇಡ, ಸೋತರೆ ಅದೂ ಒಂದು ಫಲಿತಾಂಶವೇ.

ಅವರು ಬರೆದದ್ದರಲ್ಲಿ ತಪ್ಪಿಲ್ಲ. ಎರಡು ಸಲ ಓದಿದೆ. ನಾನು ಸೋಮವಾರದಿಂದಲೇ ಹೊಸ ಗೂಡು ತುಂಬಿಸದೆ ಕಸವನ್ನು ಡ್ರಮ್ಮಿನಲ್ಲೇ ಇಟ್ಟುಕೊಂಡಿದ್ದೆ ಎಂಬುದನ್ನು ಗಮನಿಸಿದೆ. ಅಂದರೆ ಕೈ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು.

ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ 7. ಮೊದಲನೇ ಗೂಡಿನ ಚೀಟಿ ಕಿತ್ತೆ. ಅಕ್ಕ ಸಲಿಕೆ ಹಿಡಿದು ನಿಂತಿದ್ದರು. "ಅಷ್ಟು ದಿನ ಬರೆದಿದ್ದೆಲ್ಲ ಏನಾಯ್ತದೆ ಮೇಡಂ?" ಎಂದು ಕೇಳಿದರು. ಪುಸ್ತಕದಲ್ಲಿ ಇರುತ್ತೆ ಅಕ್ಕ, ಅಂದೆ. ಅವತ್ತು ಅವರು ಹಾಜರಿಯ ತಮಾಷೆ ಮಾಡಲಿಲ್ಲ.

ಕೆಳಗೆ ತೆಂಗಿನ ಗರಿ ಮತ್ತು ಮರದ ಸಣ್ಣ ಕೊಂಬೆಗಳನ್ನು ಅಡ್ಡ ಹಾಕಿದೆವು, ಬುಡದಿಂದ ಗಾಳಿ ಆಡಲೆಂದು. ಅದರ ಮೇಲೆ ಹಳೇ ಗೂಡಿನದು ಒಂದು ಪದರ, ಹೊಸ ಗೂಡಿನದು ಒಂದು ಪದರ, ನಡುವೆ ಎಲೆ. ಊರಿನಲ್ಲಿ ಇನ್ನೂ ಹಸು ಕಟ್ಟಿರುವ ನೆಂಟರ ಮನೆಯಿಂದ ಆಂಟಿ ಅರ್ಧ ಬಕೆಟ್ ಸಗಣಿ ತಂದಿದ್ದರು, ಅದನ್ನು ಕದಡಿ ಪದರಕ್ಕಿಷ್ಟು ಚಿಮುಕಿಸಿದೆವು. ಗರಿ ಹಾಸುವಾಗಲೇ ಆಂಟಿ ತಡೆದಿದ್ದರು. ಅವರ ಅತ್ತೆ ತಿಪ್ಪೆಯ ತಳಕ್ಕೆ ಯಾವುದೋ ಒಂದು ಸೊಪ್ಪು ಹಾಸುತ್ತಿದ್ದರಂತೆ, ಅದಿದ್ದರೆ ಹುಳು ಬೀಳುತ್ತಿರಲಿಲ್ಲವಂತೆ. ಹೆಸರು ನಾಲಿಗೆಗೆ ಬರಲಿಲ್ಲ. ಕ್ಯಾಂಪಸ್ಸಿನ ಬೇಲಿಯುದ್ದಕ್ಕೂ ನಡೆದು ಒಂದೊಂದೇ ಎಲೆ ಕಿತ್ತು, ಅಂಗೈಯಲ್ಲಿ ಉಜ್ಜಿ ಮೂಸಿದರು. ಯಾವುದೂ ಅದಲ್ಲ. "ಕೆರೆ ಏರಿ ಮೇಲೆ ಬೇಕಾದಷ್ಟಿತ್ತು," ಅಂದರು. ಈಗ ಏರಿಯ ಮೇಲೆ ವಾಕಿಂಗ್ ದಾರಿ.

ಮೇಲೆ ಗೋಣಿಚೀಲ ಹೊದಿಸಿ ಮುಗಿಸುವಾಗ ಮಧ್ಯಾಹ್ನ ಎರಡಾಗಿತ್ತು. ಹೊರಡುವ ಮುಂಚೆ ಆಂಟಿ ನನ್ನ ಥರ್ಮಾಮೀಟರನ್ನು ತೋರಿಸಿ, "ಮೂರು ದಿನ ಮುಟ್ಟಬೇಡ. ಚುಚ್ಚಬೇಡ, ಎತ್ತಿ ನೋಡಬೇಡ," ಅಂದರು.

ಆ ಮೂರು ದಿನ ಡೈರಿಯಲ್ಲಿ ಅಡ್ಡಗೆರೆಗಳಿವೆ. ಮೆಸ್ಸಿನ ಕಸಕ್ಕೆ ಎಲೆ ಬೆರೆಸಿ ಡ್ರಮ್ಮಿನಲ್ಲಿ ಮುಚ್ಚಿಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ದಿನಕ್ಕೆ ಮೂರು ಸಲ ಇಪ್ಪತ್ತೇಳು ಗೂಡು ಸುತ್ತುತ್ತಿದ್ದವಳಿಗೆ ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯಲಿಲ್ಲ. ಖಾಲಿ ಜಾಲರಿಗಳನ್ನು ತೊಳೆದು ಒಂದರೊಳಗೊಂದು ಇಟ್ಟೆ. ಭಾನುವಾರ ಅಂಗಳದ ದಾರಿಯ ಬೀಗ ಹಾಕಿದ ಗೇಟಿನವರೆಗೆ ಹೋಗಿ ಹೊರಗೇ ಅರ್ಧ ಗಂಟೆ ನಿಂತು ಬಂದೆ. ಆ ದಿನ ಕೊನೆಯ ಕಾಲಮಿನಲ್ಲಿ ಸೊನ್ನೆ ಇದೆ. ಆಂಟಿ ಮದುವೆಗೆಂದು ಶ್ರೀನಗರ ಬಡಾವಣೆಗೆ ಹೋಗಿದ್ದರು. ಅಂಗಳ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬುದನ್ನು ಅವತ್ತೇ ಮೊದಲ ಸಲ ಯೋಚಿಸಿದ್ದು.

ಅಕ್ಟೋಬರ್ 13, ಸೋಮವಾರ, ಬೆಳಿಗ್ಗೆ 6.50. ಗೋಣಿಯ ಅಂಚು ಎತ್ತಿದಾಗ ಮುಖಕ್ಕೆ ಹಬೆ ಬಡಿಯಿತು. ಥರ್ಮಾಮೀಟರನ್ನು ಒಂದೇ ಕಡೆ, ನಡುವಿಗೆ ಇಳಿಸಿದೆ. ಮುಳ್ಳು ಐವತ್ತರಲ್ಲಿ ನಿಲ್ಲಲಿಲ್ಲ, ಐವತ್ತೈದರಲ್ಲೂ ನಿಲ್ಲಲಿಲ್ಲ. ಅರವತ್ತೊಂದು. ಅಕ್ಕ ನಂಬದೆ ಕೈ ತೂರಿಸಿ ತಟ್ಟನೆ ಎಳೆದುಕೊಂಡರು. "ಸುಡ್ತೈತೆ ಕಣ್ರೀ!" ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತೆವು. ಆ ಚಳಿಯ ಬೆಳಿಗ್ಗೆ ಅಲ್ಲಿ ನಿಲ್ಲುವುದು ಹಿತವಾಗಿತ್ತು. ವಾಸನೆ: ಎರಡು.

ಡ್ರಮ್ಮಿನ ಕಸವನ್ನು ರಾಶಿಯ ನಡುವೆ ಗುಂಡಿ ತೋಡಿ ಸೇರಿಸಿದೆವು. 16ರಂದು ಜೋರು ಮಳೆ ಬಂದು ಒಂದು ಬದಿ ನೆನೆದು ಕಾವು ನಲವತ್ತೇಳಕ್ಕೆ ಇಳಿಯಿತು. ಆ ಬದಿಗೆ ತಗಡು ಅಡ್ಡ ಕಟ್ಟಿ, 18ರಂದು ಒಂದೇ ಒಂದು ಸಲ ಮಗುಚಿ, ಒಣ ಎಲೆ ಸೇರಿಸಿದೆ. ಎರಡು ದಿನಕ್ಕೆ ಮತ್ತೆ ಐವತ್ತೆಂಟು. ಬಿಳಿ ಹುಳು ಮತ್ತೆ ಕಾಣಲಿಲ್ಲ. ಅನ್ನದ ಉಂಡೆ ಕೈಯಲ್ಲಿ ಒಡೆದರೆ ಕಂದು ಪುಡಿ. ವಾಸನೆ: ಒಂದು.

ಅಕ್ಟೋಬರ್ 22, ಬಲಿಪಾಡ್ಯಮಿ, ಸಂಜೆ 6.20. ಕೆಲಸದಿಂದ ಬಂದು ಕಾಲು ತೊಳೆಯುವಾಗ ನೋಡಿದೆ. ಆಂಟಿ ಪಾರ್ಕಿಂಗಿನ ಒಳಗೆ, ಮೂರನೇ ಕಂಬದ ಬುಡದಲ್ಲಿ, ಎರಡು ಬೈಕುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಹಣತೆ ಹಚ್ಚುತ್ತಿದ್ದರು. ಪಕ್ಕದಲ್ಲಿ ಚೆಂಡು ಹೂವು. ಗಾಡಿಗಳಿಗೆ ಪೂಜೆಯಾ ಆಂಟಿ ಎಂದು ಕೇಳಿದೆ.

"ಎಲ್ರೂ ಹಂಗೇ ಅನ್ಕೊಂಡವ್ರೆ," ಅಂದರು. "ಪಾಡ್ಯದ ದಿನ ತಿಪ್ಪೆಗೆ ದೀಪ ಇಡ್ಬೇಕು. ಹುಚ್ಚೆಳ್ಳು ಹೂವಿಡ್ತಿದ್ವಿ, ಈಗೆಲ್ಲಿ ಸಿಗ್ತದೆ. ನಮ್ ತಿಪ್ಪೆ ಇಲ್ಲೇ ಇತ್ತು."

ಅವರ ಕೈಯಲ್ಲಿ ಇನ್ನೊಂದು ಹಣತೆ ಇತ್ತು. ಅದನ್ನು ನನ್ನ ಕೈಗೆ ಕೊಟ್ಟು, ನಾಳೆ ನಿನ್ನದಕ್ಕೆ ಇಡು, ಒಂದು ದಿನ ತಡ ಆದರೆ ಏನೂ ಅನ್ನಲ್ಲ ಅದು, ಅಂದರು. ಇಟ್ಟೆ.

ಅಕ್ಟೋಬರ್ 24, ಶುಕ್ರವಾರ, ಬೆಳಿಗ್ಗೆ 10.40. ಎಸ್ಟೇಟ್ ಆಫೀಸರ್ ಕರ್ಚೀಫು ಕೈಯಲ್ಲಿ ಹಿಡಿದೇ ಬಂದರು. ರಾಶಿಯನ್ನು ಒಂದು ಸುತ್ತು ಹಾಕಿ ಕರ್ಚೀಫು ಜೇಬಿಗೆ ಹಾಕಿಕೊಂಡರು. ಬುಡದಲ್ಲಿದ್ದ ಆರಿದ ಹಣತೆ ನೋಡಿದರು. ಆಮೇಲೆ, "ಇದನ್ನ ಹೋದ ತಿಂಗಳೇ ಹೀಗೆ ಮಾಡಬಹುದಿತ್ತಲ್ಲಮ್ಮ," ಅಂದರು. ಮಾಡಬಹುದಿತ್ತು ಸಾರ್, ಅಂದೆ. ಪಾರ್ಕಿಂಗಿಗೆ ಬೇರೆ ಜಾಗ ನೋಡುವುದಾಗಿ ಹೇಳಿ ಹೋದರು. ನಾಲ್ಕು ದಿನದ ಮೇಲೆ ಅವರ ಆಫೀಸಿನಿಂದ ಪತ್ರ ಬಂತು: ಮುಂದುವರಿಸಬಹುದು, ಜೊತೆಗೆ ಗೊಬ್ಬರ ಎಷ್ಟು ದಿನಕ್ಕೆ ಆಗುತ್ತದೆ ಎಂದು ಒಂದು ಪುಟದಲ್ಲಿ ಬರೆದುಕೊಡಿ.

ಆ ಒಂದು ಪುಟವನ್ನು ನಾನು ಇನ್ನೂ ಬರೆದುಕೊಟ್ಟಿಲ್ಲ. ಡಿಸೆಂಬರ್ ಮೊದಲ ವಾರ ರಾಶಿಯ ಒಂದು ಬದಿಯನ್ನು ಜರಡಿ ಹಿಡಿದೆವು. ಜರಡಿಗೆ ಹಳೇ ಗೂಡಿನ ಜಾಲರಿಯೇ ಆಯಿತು. ಕೆಳಗೆ ಬಿದ್ದ ಕಪ್ಪು ಪುಡಿಯಲ್ಲಿ ಸೆಪ್ಟೆಂಬರ್ 2ರ ಸೋರೆಕಾಯಿ ಯಾವುದು, ಅಕ್ಟೋಬರ್ 4ರದು ಯಾವುದು ಎಂದು ಹೇಳಲು ನನ್ನಿಂದಾಗದು. ಗೈಡಿಗೆ ನಡೆದದ್ದನ್ನೆಲ್ಲ ಇದ್ದ ಹಾಗೇ ಬರೆದಿದ್ದೇನೆ. ರಿಪೋರ್ಟಿನ ಕೋಷ್ಟಕ ಇಪ್ಪತ್ತೇಳನೇ ಸಾಲಿಗೆ ನಿಂತಿದೆ. ಅದರ ಕೆಳಗೆ 'ಬೆರೆಸಲಾಯಿತು' ಎಂಬ ಒಂದು ಪದ. ಈಗ ದಿನಕ್ಕೆ ಒಂದೇ ಸಲ, ಒಂದೇ ಕಡೆ ಕಾವು ನೋಡುತ್ತೇನೆ. ಐದು ನಿಮಿಷದ ಕೆಲಸ.

ಹಾಗಾಗಿ ಓದುಗರಲ್ಲಿ ಎರಡು ಪ್ರಶ್ನೆ. ದಿನದಿನವೂ ಹೊಸದು ಸೇರುತ್ತ ಹೋಗುವ ರಾಶಿಯ ವಯಸ್ಸನ್ನು ಲೆಕ್ಕ ಹಾಕುವ ಕ್ರಮ ಯಾರಿಗಾದರೂ ಗೊತ್ತೇ? ಇನ್ನೊಂದು, ಆ ಸೊಪ್ಪು. ಆಂಟಿ ಹೇಳಿದ್ದಿಷ್ಟು: ಮೊಣಕಾಲೆತ್ತರದ ಗಿಡ, ಎಲೆಯ ಹಿಂಬದಿ ಬೂದು ಬಣ್ಣ, ಉಜ್ಜಿದರೆ ಮೊದಲು ಘಾಟು, ಆಮೇಲೆ ಸಣ್ಣಗೆ ಸಿಹಿ, ಕೆರೆ ಏರಿಯ ಮೇಲೆ ಬೆಳೆಯುತ್ತಿತ್ತು, ಹಸುಗಳು ಬಾಯಿ ಹಾಕುತ್ತಿರಲಿಲ್ಲ. ಅವರು ಈಗಲೂ ವಾಕಿಂಗಿಗೆ ಹೋದಾಗ ಎಲೆ ಕಿತ್ತು ಮೂಸುತ್ತಾರೆ. ಆ ಕಡೆಯ ಹಳೇ ಊರುಗಳವರು, ಅಥವಾ ಅವರ ಮನೆಯ ಹಿರಿಯರಿಂದ ಕೇಳಿ ಬಲ್ಲವರು, ಹೆಸರು ಗೊತ್ತಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಸಾಧ್ಯವಾದರೆ ಕಾಗದದ ನಡುವೆ ಒಂದು ಎಲೆಯನ್ನೂ ಇಡಿ. ಒಣಗಿದ್ದರೂ ಪರವಾಗಿಲ್ಲ, ಮೂಸಿ ಹೇಳುವವರಿದ್ದಾರೆ.